ಲ್ಯಾಂಗಾಲೆನ್ ಕಾಲುವೆಯಲ್ಲಿ ದೋಣಿ ಬಾಡಿಗೆಗೆ ಹಿಡಿಯುವವರು ಇದನ್ನು ಓದಿ

ಊರಿಂದ ಬಂದವರನ್ನು ವೇಲ್ಸಿಗೆ ಕರೆದುಕೊಂಡು ಹೋಗಿ, ಒಂದು ದಿನದ ಮಟ್ಟಿಗೆ ನ್ಯಾರೋಬೋಟ್ (ಕಾಲುವೆಯ ಉದ್ದನೆಯ ಕಿರಿದಾದ ದೋಣಿ) ಓಡಿಸೋಣ ಅಂತಿದ್ದೀರಾ? ದುಡ್ಡು ಕಟ್ಟುವ ಮುಂಚೆ ಸ್ವಲ್ಪ ನಿಲ್ಲಿ.

ನಾವು ದೋಣಿ ಹತ್ತಿದ್ದು ಕಾಲುವೆ ದಡದ ಟ್ರೆವರ್ ಅನ್ನುವ ಊರಿನಲ್ಲಿ. ಮಂಡ್ಯದಿಂದ ಬಂದಿದ್ದ ಸೋದರಮಾವ ಜೊತೆಗಿದ್ದರು. ಚರ್ಕ್ ಅನ್ನುವ ಊರಿಗೆ ಹೋಗಿ, ಪಬ್‌ನಲ್ಲಿ ಊಟ ಮಾಡಿ, ಐದಕ್ಕೆ ವಾಪಸ್ ಬನ್ನಿ, ಟೈಮ್ ಬೇಕಾದಷ್ಟಿದೆ ಅಂದ ದೋಣಿಯವನು. ನೀರಿನ ಸೆಳೆತದ ವಿಷಯ ಮಾತ್ರ ಬಾಯಿಬಿಡಲಿಲ್ಲ.

ಬೇರೆ ಕಾಲುವೆಗಳಲ್ಲಿ ನೀರು ಹೆಚ್ಚುಕಮ್ಮಿ ನಿಂತೇ ಇರುತ್ತದೆ. ಇಲ್ಲಿ ಹಾಗಲ್ಲ. ಹಾರ್ಸ್‌ಶೂ ಫಾಲ್ಸ್ ಹತ್ತಿರ ಡೀ ನದಿಯಿಂದ ಬಂದ ನೀರು ಹರ್ಲ್‌ಸ್ಟನ್ ಜಲಾಶಯದ ಕಡೆಗೆ ಹರಿಯುತ್ತಲೇ ಇರುತ್ತದೆ. ಚರ್ಕ್‌ಗೆ ಹೋಗುವಾಗ ಆ ಹರಿವೇ ನಮ್ಮನ್ನು ತಳ್ಳಿಕೊಂಡು ಹೋಗುತ್ತದೆ. ಸುಲಭ ಅನ್ನಿಸುತ್ತದೆ, ಅಲ್ವಾ? ಬರುವಾಗ ಗೊತ್ತಾಗುತ್ತದೆ.

ಮೊದಲಿಗೇ ಪಾಂಟ್‌ಕಸಲ್ಟೆ ಮೇಲ್ಗಾಲುವೆ, ಅಂದರೆ ಕಾಲುವೆಯನ್ನೇ ಹೊತ್ತ ಸೇತುವೆ. 1805ರದ್ದು, 38 ಮೀಟರ್ ಎತ್ತರ, ಒಂದು ಪಕ್ಕಕ್ಕೆ ಕಟಕಟೆಯೇ ಇಲ್ಲ. ಮಾವ ಒಂದು ಸಲ ಕೆಳಗೆ ಬಗ್ಗಿ ನೋಡಿ, ಒಳಗೆ ಹೋಗಿ ಕೂತರು. ಅಲ್ಲಿ ಒಂದೇ ದೋಣಿ ಹಿಡಿಸುತ್ತದೆ. ಎದುರಿಂದ ಬರುವವರು ದಾಟುವ ತನಕ ಕಾಯಬೇಕು. ಚರ್ಕ್‌ನ 421 ಮೀಟರ್ ಸುರಂಗದಲ್ಲೂ ಅದೇ ಕಥೆ. ಕಾದು ಕಾದು ಪಬ್ ಮುಟ್ಟುವಷ್ಟರಲ್ಲಿ ಮಧ್ಯಾಹ್ನದ ಅಡುಗೆ ಮುಗಿದಿತ್ತು. ಪ್ಯಾಕೆಟ್ ಕ್ರಿಸ್ಪ್ಸ್ ತಿಂದು ಹೊರಟೆವು.

ವಾಪಸ್ ಬರುವಾಗ ಸುರಂಗದೊಳಗೆ ದೋಣಿ ಮುಂದಕ್ಕೇ ಹೋಗದು. ಜಾಗ ಇಕ್ಕಟ್ಟಾದಷ್ಟೂ ಸೆಳೆತ ಜಾಸ್ತಿ. ಎಂಜಿನ್ ಜೋರು ಮಾಡಿದರೆ ಸದ್ದು ಮಾತ್ರ ಹೆಚ್ಚಾಗುತ್ತದೆ. ಪಕ್ಕದ ಕಾಲುದಾರಿಯಲ್ಲಿ ಟಾರ್ಚ್ ಹಿಡಿದು ಹೋಗುತ್ತಿದ್ದವರನ್ನು ನೋಡಿ ಮಾವ, "ನಡ್ಕಂಡ್ ಹೋಗೋರೇ ನಮ್ಮನ್ನ ದಾಟ್ಕಂಡ್ ಹೋಯ್ತಾವ್ರಲ್ಲೋ" ಅಂದರು.

ಟ್ರೆವರ್ ಮುಟ್ಟುವಾಗ ಆರು ದಾಟಿತ್ತು. ತಡವಾಗಿದ್ದಕ್ಕೆ ಡೆಪಾಸಿಟ್‌ನಲ್ಲಿ ಮುರಿದುಕೊಂಡರು. ಅದರ ಮೇಲೆ ಮುಂಭಾಗದ ಒಂದು ಗೀರಿಗೂ ಕಾಸು ಕೇಳಿದರು. ಬೆಳಿಗ್ಗೆ ಮಾವ ದೋಣಿ ಮುಂದೆ ನಿಂತು ತೆಗೆಸಿಕೊಂಡಿದ್ದ ಫೋಟೋದಲ್ಲಿ ಆ ಗೀರು ಇತ್ತು, ಪುಣ್ಯಕ್ಕೆ. ತೋರಿಸಿದ ಮೇಲೆ ಸುಮ್ಮನಾದರು. ನೀವು ಹತ್ತುವ ಮುಂಚೆ ಸುತ್ತಲೂ ವಿಡಿಯೋ ಮಾಡಿಕೊಳ್ಳಿ.

ಬೆಳಿಗ್ಗೆ ಲ್ಯಾಂಗಾಲೆನ್ ಊರಿನ ಕಡೆಗೆ, ಅಂದರೆ ಹರಿವಿಗೆ ಎದುರಾಗಿ ಹೋಗುವುದೇ ವಾಸಿ. ಆ ಕಡೆಯೂ ಒಂದೇ ದೋಣಿ ಹಿಡಿಸುವ ಇಕ್ಕಟ್ಟುಗಳಿವೆ, ಒಬ್ಬರು ಇಳಿದು ಮುಂದೆ ನಡೆದು ನೋಡಬೇಕು. ಆದರೆ ಸಂಜೆ ನೀರೇ ವಾಪಸ್ ತಂದುಬಿಡುತ್ತದೆ. ಪಬ್‌ಗೆ ಮುಂಚೆಯೇ ಫೋನ್ ಮಾಡಿ ಅಡುಗೆ ಎಷ್ಟು ಹೊತ್ತಿನವರೆಗೆ ಅಂತ ಕೇಳಿ. ಸಸ್ಯಾಹಾರಿಗಳಿದ್ದರೆ ಚಿಪ್ಸ್ (ಇಲ್ಲಿ ಫ್ರೆಂಚ್ ಫ್ರೈಸ್ ಥರದ್ದು) ಯಾವುದರಲ್ಲಿ ಕರಿಯುತ್ತಾರೆ ಅಂತಲೂ ಕೇಳಿ. ಈ ದೇಶದಲ್ಲಿ ಕೆಲವು ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ.