ನಾಲ್ಕು ಮಳೆಗಾಲ ಕಂಡ ನಮ್ಮ ಹಿತ್ತಲಿನ ಮರದ ಡೆಕ್

ನಮ್ಮದು ಮಡಿಕೇರಿ ಪಕ್ಕದ ಮನೆ. ಜೂನ್ ಬಂತೆಂದರೆ ಹಿತ್ತಲು ಪೂರ್ತಿ ಕೆಸರು, ಜಿಗಣೆ. ಅಮ್ಮನಿಗೆ ಮಂಡಿ ನೋವು. ಜಾರುವ ಭಯಕ್ಕೆ ಅವರು ಹಿಂದಿನ ಬಾಗಿಲು ದಾಟುತ್ತಲೇ ಇರಲಿಲ್ಲ. ಅದಕ್ಕೇ 2022ರ ಫೆಬ್ರವರಿಯಲ್ಲಿ, ಕಾಫಿ ಕೊಯ್ಲು ಮುಗಿಸಿಕೊಂಡು, 12 ಅಡಿ ಉದ್ದ 10 ಅಡಿ ಅಗಲದ ಡೆಕ್, ಅಂದರೆ ಹಲಗೆ ಹಾಸಿದ ಜಗಲಿ, ಹಾಕಿಸಿದೆವು. ನೆಲದಿಂದ ಬರೀ 6 ಇಂಚು ಎತ್ತರ.

ಮೇಲಿನ ಹಲಗೆ ತೇಗ. ಅಡಿಯ ಜಂತಿಗೆ ತೋಟದಲ್ಲೇ ಇದ್ದ ಸಿಲ್ವರ್ ಓಕ್ ಸಾಕು ಅಂದುಕೊಂಡೆ. ನಾನು ಮಾಡಿದ ದೊಡ್ಡ ತಪ್ಪು ಅದೇ. ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲು ಅದು ಒಳ್ಳೆಯ ಮರ. ಒದ್ದೆ ಮಣ್ಣಿಗೆ ತಾಗಿದರೆ ಮಾತ್ರ ತಡೆಯುವುದಿಲ್ಲ. ಸಾಲದ್ದಕ್ಕೆ, ನೋಡಲು ಚೆಂದ ಅಂತ ಸುತ್ತಲೂ ಪಟ್ಟಿ ಹೊಡೆಸಿ ಗಾಳಿ ಆಡದ ಹಾಗೆ ಮಾಡಿದ್ದೆ. ಎರಡನೇ ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಮೂಲೆ ಕುಸಿಯಿತು. ಬಿಚ್ಚಿ ನೋಡಿದರೆ ಜಂತಿ ಕೈಯಲ್ಲೇ ಪುಡಿಯಾಗುತ್ತಿತ್ತು, ತುದಿಗಳಿಗೆ ಗೆದ್ದಲು. ಅಮ್ಮ ಅಲ್ಲೇ ಕೂರುತ್ತಿದ್ದರು ಅಂತ ನೆನೆದು ಎದೆ ಧಸಕ್ಕೆಂದಿತು.

ತೇಗಕ್ಕೆ ಏನೂ ಆಗಿರಲಿಲ್ಲ. ಮೊಳೆ ಬದಲು ಸ್ಕ್ರೂ ಹಾಕಿದ್ದರಿಂದ ಹಲಗೆಗಳನ್ನು ಒಡೆಯದೆ ಬಿಚ್ಚಲು ಆಯಿತು. ಈ ಸಲ 4 ಇಂಚು ಮಣ್ಣು ತೆಗೆದು, ನೀರು ಮನೆಯಿಂದ ಆಚೆಗೆ ಹರಿಯುವಂತೆ ಇಳಿಜಾರು ಕೊಟ್ಟು, ಜಲ್ಲಿ ತುಂಬಿಸಿದೆವು. ಮೇಲೆ ಕಾಂಕ್ರೀಟ್ ಬ್ಲಾಕ್, ಅದರ ಮೇಲೆ 16 ಇಂಚಿಗೊಂದರಂತೆ ಜಿಐ (ಸತು ಲೇಪಿಸಿದ ಕಬ್ಬಿಣ) ಚೌಕ ಪೈಪು. ಎತ್ತರ 10 ಇಂಚಿಗೆ ಏರಿತು. ಸುತ್ತ ಏನೂ ಮುಚ್ಚಲಿಲ್ಲ. ಮೊದಲಿನ ಕಬ್ಬಿಣದ ಸ್ಕ್ರೂ ಸುತ್ತ ತೇಗ ಕಪ್ಪಾಗಿತ್ತು. ಹಾಗಾಗಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ತಂದೆ. ಬೆಲೆ ಜಾಸ್ತಿ, ಆದರೂ ಅದನ್ನೇ ಹಾಕಿ. ಹಲಗೆಗಳ ನಡುವೆ ಮೊದಲು 3 ಮಿಲಿಮೀಟರ್ ಸಂದು ಇತ್ತು. ಮಳೆಗೆ ಮರ ಉಬ್ಬಿ ಅದು ಮುಚ್ಚಿಹೋಗಿ, ಉದುರಿದ ಎಲೆ ಅಲ್ಲೇ ಕೊಳೆಯುತ್ತಿತ್ತು. ಈಗ 6 ಮಿಲಿಮೀಟರ್ ಬಿಟ್ಟಿದ್ದೇವೆ.

ಹಲಗೆಯ ಅಡಿಭಾಗಕ್ಕೆ ಗೇರು ಎಣ್ಣೆ ಬಳಿದೆವು. ನಮ್ಮ ಕಡೆ ಹಿಂದಿನಿಂದಲೂ ಮರಕ್ಕೆ ಅದನ್ನೇ ಹಚ್ಚುವುದು ಅಲ್ವಾ. ಕೈಗೆ ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಚರ್ಮ ಸುಡುತ್ತದೆ.

ಆಮೇಲೆ ಎರಡು ಮಳೆಗಾಲ ಕಳೆದಿವೆ. ಎಲ್ಲೂ ಅಲುಗಾಡಿಲ್ಲ. ಬಿಸಿಲಿಗೆ ತೇಗ ಬೂದು ಬಣ್ಣಕ್ಕೆ ತಿರುಗಿದೆ, ನನಗಂತೂ ಅದೇ ಇಷ್ಟ. ಪಾಚಿ ಮಾತ್ರ ಬಿಡುವುದಿಲ್ಲ. ಮಳೆಯಲ್ಲಿ ಹದಿನೈದು ದಿನಕ್ಕೊಮ್ಮೆ ಗಟ್ಟಿ ಬ್ರಶ್‌ನಲ್ಲಿ ಉಜ್ಜಲೇಬೇಕು. ಒಮ್ಮೆ ಪ್ರೆಶರ್ ವಾಶರ್ ಹಿಡಿದೆ, ಮರದ ನಾರು ಎದ್ದು ಬಂತು.

ಹಲಗೆ ಕೊಳ್ಳುವಾಗ ಸಾಮಿಲ್ಲಿನಲ್ಲೇ ನಿಂತು, ಚೇಗು (ಮರದ ಒಳಗಿನ ಗಟ್ಟಿ ಭಾಗ) ಇರುವುದನ್ನೇ ಆರಿಸಿ. ಅಂಚಿನ ಬಿಳಿ ಭಾಗ ಬಾಳುವುದಿಲ್ಲ. ನಮ್ಮ ಎರಡು ಹಲಗೆಗಳಲ್ಲಿ ಆ ಭಾಗ ಈಗ ಮೆತ್ತಗಾಗಿದೆ. ಫೆಬ್ರವರಿಯಲ್ಲಿ ಅವನ್ನು ಬದಲಿಸಬೇಕು. ಅಲ್ಲಿಯವರೆಗೆ ಅಮ್ಮನ ಕುರ್ಚಿಯನ್ನು ಇನ್ನೊಂದು ಬದಿಗೆ ಸರಿಸಿದ್ದೇನೆ.