ಪ್ರೋಗ್ರಾಮ್ ಬಿಡಿಸಿದ ಚಿತ್ರಕ್ಕೆ ಪ್ಲಾಟರೋ, ಪ್ರಿಂಟರೋ?

ಪ್ರೋಗ್ರಾಮ್ ಬರೆದು ಚಿತ್ರ ಹುಟ್ಟಿಸುವುದು ನನ್ನ ಹವ್ಯಾಸ. ಪರದೆಯ ಮೇಲೆ ಮೂಡಿದ್ದನ್ನು ಕಾಗದಕ್ಕೆ ಇಳಿಸಲೆಂದು ಮೊದಲು ಪಿಗ್ಮೆಂಟ್ ಶಾಯಿಯ ಇಂಕ್‌ಜೆಟ್ ಪ್ರಿಂಟರ್ ಕೊಂಡೆ. ಒಂದೂವರೆ ವರ್ಷದ ಬಳಿಕ, ನಿಜವಾದ ಪೆನ್ನನ್ನೇ ಹಿಡಿದು ಗೆರೆ ಎಳೆಯುವ ಪೆನ್ ಪ್ಲಾಟರ್ ಕೊಂಡೆ. ಈಗ ಎರಡೂ ಒಂದೇ ಮೇಜಿನ ಮೇಲಿವೆ. ಪ್ರಿಂಟರಿಗೆ ಹೊದಿಸಿದ ಬಟ್ಟೆ ತೆಗೆದು ಎಷ್ಟು ವಾರವಾಯಿತೆಂಬುದು ನನಗೆ ನೆನಪಿಲ್ಲ ಎಂದರೆ, ನನ್ನ ಒಲವು ಎತ್ತ ಕಡೆಗಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಇಂಕ್‌ಜೆಟ್ ಗೆರೆಯನ್ನು ಎಳೆಯುವುದಿಲ್ಲ. ಕೆಲವೇ ಪಿಕೊಲೀಟರ್ (ಒಂದು ಪಿಕೊಲೀಟರ್ ಎಂದರೆ ಲೀಟರಿನ ಲಕ್ಷ ಕೋಟಿಯಲ್ಲೊಂದು ಭಾಗ) ಗಾತ್ರದ ಹನಿಗಳನ್ನು ಸಾಲುಸಾಲಾಗಿ ಚಿಮ್ಮಿಸಿ, ಅದು ಗೆರೆಯೆಂದು ನಮ್ಮ ಕಣ್ಣು ನಂಬುವಂತೆ ಮಾಡುತ್ತದೆ. ನಾನು ಅಚ್ಚು ಹಾಕಿದ ತೆಳುವಾದ ಬೂದು ಗೆರೆಯೊಂದರ ಮೇಲೆ ಭೂತಗನ್ನಡಿ ಇಟ್ಟು ನೋಡಿದಾಗ ಅಲ್ಲಿ ಗೆರೆಯೇ ಇರಲಿಲ್ಲ. ನೀಲಿ, ಕೆನ್ನೇರಳೆ ಮತ್ತು ಕಪ್ಪು ಚುಕ್ಕೆಗಳ ಚದುರಿದ ಗುಂಪಿತ್ತು. ಪ್ಲಾಟರಿನ 0.3 ಮಿಲಿಮೀಟರ್ ಪೆನ್ನು ಎಳೆದ ಗೆರೆಯಾದರೋ ಎರಡು ಗೆರೆಗಳು ಹಾಯ್ದಲ್ಲಿ ಗಾಢವಾಗುತ್ತದೆ, ಮೂಲೆಯಲ್ಲಿ ಪೆನ್ನಿನ ವೇಗ ತಗ್ಗಿದಾಗ ಕೂದಲೆಳೆಯಷ್ಟು ದಪ್ಪಗಾಗುತ್ತದೆ, ಶಾಯಿ ಮುಗಿಯುತ್ತ ಬಂದಂತೆ ತಿಳಿಯಾಗುತ್ತದೆ. ಕಾಗದವನ್ನು ಓರೆ ಬೆಳಕಿಗೆ ಹಿಡಿದರೆ ಪೆನ್ನು ಒತ್ತಿದ ಗುರುತೂ ಕಾಣುತ್ತದೆ.

ಈ ಬಗೆಯ ಕಲೆ ಹುಟ್ಟಿದ್ದೇ ಪ್ಲಾಟರಿನ ಮೇಲೆ. 1965ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಗೇಯಾರ್ಗ್ ನೇಸ್, ಅದೇ ವರ್ಷದ ಕೊನೆಯ ಹೊತ್ತಿಗೆ ಫ್ರೀಡರ್ ನಾಕೆ, ಕಂಪ್ಯೂಟರಿನ ಲೆಕ್ಕಕ್ಕೆ ತಕ್ಕಂತೆ ಪ್ಲಾಟರ್ ಬಿಡಿಸಿದ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟರು. 1968ರಿಂದ ಪ್ಯಾರಿಸ್‌ನಲ್ಲಿ ಕಂಪ್ಯೂಟರ್ ಬಳಸತೊಡಗಿದ ಕಲಾವಿದೆ ವೆರಾ ಮೋಲ್ನಾರ್ ಅವರು ಚೌಕಗಳ ಅಚ್ಚುಕಟ್ಟಿಗೆ ಚೂರೇ ಚೂರು ಅಸ್ತವ್ಯಸ್ತತೆ ಬೆರೆಸಿ ನೋಡಿದ್ದರು. ಆ ದಾರಿಯಲ್ಲೇ ಅಭ್ಯಾಸಕ್ಕೆಂದು, ಒಂದರೊಳಗೊಂದು ಕುಳಿತ ಚೌಕಗಳ ಮೂಲೆಗಳನ್ನು ಯಾದೃಚ್ಛಿಕವಾಗಿ ಸರಿಸಿ ಅದೇ ಚಿತ್ರವನ್ನು ಎರಡೂ ಯಂತ್ರಗಳಲ್ಲಿ ತೆಗೆದೆ. ಪ್ರಿಂಟರಿನ ಪ್ರತಿಯಲ್ಲಿ ಆ ಓರೆಕೋರೆ ಅಚ್ಚಿನ ದೋಷದಂತೆ ಕಂಡಿತು; ಪ್ಲಾಟರಿನ ಪ್ರತಿಯಲ್ಲಿ ಯಾರೋ ಬೇಕೆಂದೇ ಕೈ ಅಲುಗಿಸಿದಂತಿತ್ತು.

ಹಾಗೆಂದು ಪ್ಲಾಟರ್ ನನ್ನನ್ನು ಸುಮ್ಮನೆ ಬಿಟ್ಟಿತೆಂದಲ್ಲ. ನಾನೂರು ವೃತ್ತಗಳ ಮೊದಲ ಚಿತ್ರದಲ್ಲಿ ಒಂದೇ ಒಂದು ವೃತ್ತವೂ ಮುಚ್ಚಿಕೊಂಡಿರಲಿಲ್ಲ. ಪೆನ್ನು ಸುತ್ತು ಶುರುಮಾಡಿ ಮುಗಿಸುವ ಬಲಬದಿಯಲ್ಲಿ, ಗಡಿಯಾರದ ಮುಖದಲ್ಲಿ ಮೂರು ಗಂಟೆ ಇರುವ ಜಾಗದಲ್ಲಿ, ಪ್ರತಿಯೊಂದಕ್ಕೂ ಸುಮಾರು ಅರ್ಧ ಮಿಲಿಮೀಟರಿನ ಬಿರುಕು: ಆನೆಯೇ ಹೋಗಿ ಬಾಲ ಸಿಕ್ಕಿಕೊಂಡ ಹಾಗೆ.

ಲೆಕ್ಕದ ಪ್ರಕಾರ ಇದು ಆಗಲೇಬಾರದು. ಯಂತ್ರದಲ್ಲಿರುವುದು ಹೆಜ್ಜೆಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರ್; ಅದು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ, ಅದನ್ನು ನಡೆಸುವ ಡ್ರೈವರ್ ಎಂಬ ಸರ್ಕ್ಯೂಟ್ ಒಂದೊಂದು ಹೆಜ್ಜೆಯನ್ನೂ 16 ಕಿರುಹೆಜ್ಜೆಗಳಾಗಿ ಒಡೆಯುತ್ತದೆ. 20 ಹಲ್ಲಿನ ಗಾಲಿಯ ಮೇಲೆ, ಹಲ್ಲಿನಿಂದ ಹಲ್ಲಿಗೆ 2 ಮಿಲಿಮೀಟರ್ ಅಂತರವಿರುವ ಬೆಲ್ಟ್ ಒಂದು ಸುತ್ತಿಗೆ 40 ಮಿಲಿಮೀಟರ್ ಸರಿಯುತ್ತದೆ. ಅಂದರೆ ಮಿಲಿಮೀಟರಿಗೆ 80 ಕಿರುಹೆಜ್ಜೆ, ಒಂದೊಂದು ಕಿರುಹೆಜ್ಜೆ 0.0125 ಮಿಲಿಮೀಟರ್. ಅಷ್ಟು ಸೂಕ್ಷ್ಮವಾದ ಯಂತ್ರ ನಲವತ್ತು ಕಿರುಹೆಜ್ಜೆಗಳಷ್ಟು ತಪ್ಪುವುದು ಹೇಗೆ? ಮೊದಲು ನನ್ನ ಪ್ರೋಗ್ರಾಮನ್ನೇ ಅನುಮಾನಿಸಿ ತ್ರಿಕೋನಮಿತಿಯ ಸಾಲುಗಳನ್ನೆಲ್ಲ ಮತ್ತೆ ಬರೆದೆ. ಕಾಗದ ಸರಿಯುತ್ತಿರಬಹುದೆಂದು ನಾಲ್ಕೂ ಮೂಲೆಗೆ ಟೇಪು ಹಚ್ಚಿದೆ. ಬೆಲ್ಟ್ ಬಿಗಿ ಮಾಡಿದಾಗ ಬಿರುಕು ತುಸು ಕಿರಿದಾಯಿತು, ಹೋಗಲಿಲ್ಲ. ಮಾರಿದವರನ್ನು ಕೇಳಿದರೆ, ದುಬಾರಿ ಪೆನ್ನು ಬಳಸಿ ನೋಡಿ ಎಂಬ ಉತ್ತರ ಬಂತು.

ಮೂರನೆಯ ವಾರದಲ್ಲಿ ಪೆನ್ನಿನ ತುದಿಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿದಾಗ ಕಾರಣ ಸಿಕ್ಕಿತು. ಪೆನ್ನನ್ನು ಮೇಲೆ ಕೆಳಗೆ ಮಾಡುವ ಹಿಡಿಕೆ ಸಡಿಲವಾಗಿ ಅಲುಗಾಡುತ್ತಿತ್ತು. ಕಾಗದಕ್ಕೆ ಇಳಿಯುವಾಗ ಪೆನ್ನು ನೆಟ್ಟಗಿರುತ್ತದೆ. ಹೊರಟ ಮೇಲೆ ಕಾಗದದ ಘರ್ಷಣೆಗೆ ಅದರ ತುದಿ ಹಿಂದಕ್ಕೆ ವಾಲುತ್ತದೆ. ಹಾಗೆ ವಾಲಿಕೊಂಡೇ ಸುತ್ತು ಮುಗಿಸುವುದರಿಂದ, ಹಿಡಿಕೆ ಗುರಿ ಮುಟ್ಟಿದರೂ ತುದಿ ಅರ್ಧ ಮಿಲಿಮೀಟರ್ ಹಿಂದೆಯೇ ಉಳಿಯುತ್ತದೆ. ಹಿಡಿಕೆಯ ಸಂದಿಗೆ ಟೇಪಿನ ತುಂಡು ತುರುಕಿ, ಪೆನ್ನನ್ನು ಆದಷ್ಟು ಕೆಳಗೆ, ನಿಬ್ಬಿನ ಹತ್ತಿರವೇ ಬಿಗಿದೆ. ಉಳಿದ ಬಿರುಕಿಗಾಗಿ, ವೃತ್ತ ಮುಗಿದ ಮೇಲೂ ಪೆನ್ನು ಎಂಟು ಡಿಗ್ರಿ ಮುಂದೆ ಹೋಗುವಂತೆ ಪ್ರೋಗ್ರಾಮ್ ತಿದ್ದಿದೆ. ಅದೂ ಅರೆಬರೆ ಉಪಾಯವೇ ಆಯಿತು: ಚಿಕ್ಕ ವೃತ್ತಗಳು ಬಾಯಿ ಬಿಟ್ಟುಕೊಂಡೇ ಇದ್ದವು, ದೊಡ್ಡವುಗಳಲ್ಲಿ ಎರಡು ಸಲ ಶಾಯಿ ಬಿದ್ದ ಕಪ್ಪು ಪಟ್ಟಿ ಎದ್ದು ಕಂಡಿತು. ಕೋನದ ಲೆಕ್ಕ ಬಿಟ್ಟು ಉದ್ದದ ಲೆಕ್ಕ ಹಿಡಿದು, ಯಾವ ಗಾತ್ರದ ವೃತ್ತವಾದರೂ 0.8 ಮಿಲಿಮೀಟರ್ ಮುಂದೆ ಹೋಗಲಿ ಎಂದ ಮೇಲಷ್ಟೇ ಕಾಟ ತಪ್ಪಿತು.

ಪ್ರಿಂಟರಿನ ಕಾಟಕ್ಕೆ ಇಂಥ ಕೊನೆಯಿಲ್ಲ. ತಿಂಗಳು ಸುಮ್ಮನಿದ್ದರೆ ಹನಿ ಚಿಮ್ಮಿಸುವ ನಾಜಲ್ ಎಂಬ ಸಣ್ಣ ರಂಧ್ರಗಳಲ್ಲಿ ಶಾಯಿ ಒಣಗಿ ಅಚ್ಚಿನಲ್ಲಿ ಬಿಳಿ ಪಟ್ಟಿಗಳು ಬೀಳುತ್ತವೆ. ಅದನ್ನು ತೊಳೆಯಲು ಯಂತ್ರ ಇನ್ನಷ್ಟು ಶಾಯಿ ಕುಡಿಯುತ್ತದೆ. ಒಮ್ಮೆ ಒಂದೇ ಚಿತ್ರಕ್ಕಾಗಿ ಮೂರು ಸಲ ತೊಳೆದು, ಹೊಸ ಕಾರ್ಟ್ರಿಜ್ಜಿನ ಅರ್ಧವನ್ನೇ ಕಳೆದುಕೊಂಡೆ. ಪ್ಲಾಟರಿನಲ್ಲಿ ಪೆನ್ನು ಒಣಗಿದರೆ ಪೆನ್ನನ್ನು ಬದಲಿಸಿದರಾಯಿತು.

ವೇಗದ ಮಾತಿಗೆ ಬಂದರೆ ಪ್ಲಾಟರ್ ಸೋಲುತ್ತದೆ. 120 ಮೀಟರ್ ಗೆರೆಯಿರುವ ಚಿತ್ರವನ್ನು ಸೆಕೆಂಡಿಗೆ 25 ಮಿಲಿಮೀಟರಿನಂತೆ ಎಳೆಯಲು 80 ನಿಮಿಷ ಬೇಕು. ಮೂರು ಸಾವಿರ ಸಲ ಪೆನ್ನು ಎತ್ತಿ ಇಳಿಸುವುದಕ್ಕೆ, ಸಲಕ್ಕೆ ಅರ್ಧ ಸೆಕೆಂಡ್ ಎಂದರೂ, ಮತ್ತೆ 25 ನಿಮಿಷ. ಗೆರೆಗಳನ್ನು ಹುಟ್ಟಿದ ಕ್ರಮದಲ್ಲೇ ಕಳುಹಿಸಿದರೆ ಪೆನ್ನು ಗಾಳಿಯಲ್ಲಿ ಅಲೆಯುವ ಹೊತ್ತೇ ಹೆಚ್ಚಾಗುತ್ತದೆ. ಯಾವ ಕ್ರಮ ಎಲ್ಲಕ್ಕಿಂತ ಚಿಕ್ಕದೆಂದು ಹುಡುಕುವುದು ಹಲವು ಊರುಗಳನ್ನು ಅತಿ ಕಡಿಮೆ ದೂರದಲ್ಲಿ ಸುತ್ತಿ ಬರುವುದು ಹೇಗೆಂದು ಕೇಳುವ, ಗಣಿತದಲ್ಲಿ ಕುಖ್ಯಾತವಾದ ಅಲೆಮಾರಿ ಮಾರಾಟಗಾರನ ಸಮಸ್ಯೆಯ ನಂಟಿನದು. ಸಾವಿರಾರು ಗೆರೆಗಳಿಗೆ ಅದರ ನಿಖರ ಉತ್ತರ ಹುಡುಕುತ್ತ ಕೂರುವ ಅಗತ್ಯವಿಲ್ಲ, ಸದ್ಯಕ್ಕೆ ಹತ್ತಿರವಿರುವ ಗೆರೆಗೆ ಹೋಗೆಂಬ ಸರಳ ನಿಯಮವೇ ನನಗೆ ಸಾಕಾಯಿತು.

ಛಾಯೆ ತುಂಬಿದ ಚಿತ್ರ, ಫೋಟೊ, ಬಣ್ಣದಿಂದ ಬಣ್ಣಕ್ಕೆ ನುಣ್ಣಗೆ ಜಾರುವ ಹಿನ್ನೆಲೆ ಬೇಕಾದವರು ಪ್ರಿಂಟರನ್ನೇ ಕೊಳ್ಳಬೇಕು.

ನಾನು ತಿಂಗಳಿಗೆ ಮಾಡುವುದು ಎರಡೋ ಮೂರೋ ಚಿತ್ರ, ಅದೂ ಒಂದೊಂದೇ ಪ್ರತಿ. ಒಂದು ಸೆಟ್ ಕಾರ್ಟ್ರಿಜ್ಜಿಗೆ ಕೊಡುತ್ತಿದ್ದ ಹಣದಲ್ಲಿ ನನಗೆ ವರ್ಷಕ್ಕೆ ಸಾಲುವಷ್ಟು ಪೆನ್ನುಗಳು ಬರುತ್ತವೆ. ಯಂತ್ರ ಕೆಲಸ ಮಾಡುವಷ್ಟು ಹೊತ್ತು ಪಕ್ಕದಲ್ಲಿ ಕುಳಿತು ಓದುವುದೂ ನನಗೆ ಬೇಸರವಲ್ಲ. ಒಂದೇ ಚಿತ್ರದ ಐವತ್ತು ಪ್ರತಿ ಮಾಡುವವರಿಗೆ ಈ ಲೆಕ್ಕ ತಲೆಕೆಳಗಾಗುತ್ತದೆ. ಪ್ಲಾಟರನ್ನೇ ಕೊಳ್ಳುವುದಾದರೆ, ಹಣ ಕೊಡುವ ಮೊದಲು 5 ಮಿಲಿಮೀಟರ್ ವ್ಯಾಸದ ವೃತ್ತವೊಂದನ್ನು ಎಳೆಸಿ, ಅದರ ಬಲಬದಿಯನ್ನು ಭೂತಗನ್ನಡಿಯಲ್ಲಿ ನೋಡಿ.