ಹುಬ್ಬಳ್ಳ್ಯಾಗ ಹಡಗಿನ ಮಾಡೆಲ್ ಮಾಡಸೋರು ಮೊದಲ ಅಗಲ ಅಳೀರಿ, ಆಮ್ಯಾಲ ರೊಕ್ಕ ಕೊಡ್ರಿ

ಮಾಡೆಲ್ ಮಾಡಿಕೊಟ್ಟವನ ಹೆಸರ ಹಾಕಂಗಿಲ್ಲ, ಕೇಳಬ್ಯಾಡ್ರಿ. ಹುಬ್ಬಳ್ಳಿ-ಧಾರವಾಡದಾಗ ಥ್ರೀ-ಡಿ ಪ್ರಿಂಟ್ ಮಾಡಿಸಿ ಯುದ್ಧನೌಕೆ ಕಟ್ಟೋ ಮಂದಿ ಬೆರಳೆಣಿಕಿಯಷ್ಟ ಅದೀವಿ, ಅಷ್ಟೂ ಮಂದಿ ಹೋಗಿ ಅದ ಬಾವ್ಯಾಗ ಬೀಳೂದು ಬ್ಯಾಡ ಅಂತ ಬರ್ಯಾಕತ್ತೇನಿ. 9,000 ರೂಪಾಯಿ ಹೋತು, ಹೋಗ್ಲಿ. ಅಮೆರಿಕದ ಫ್ಲೆಚರ್ ಹಡಗು ತಗೊಂಡು ನಮ್ಮ ರಾಜಪೂತ್ ಅಂತ ಕೈಯಾಗ ಇಟ್ನಲ್ಲ, ಅದು ಗಂಟಲದಾಗಿಂದ ಇಳಿವಲ್ದು.

ಆರ್ಡರ್ ಇಷ್ಟ ಇತ್ತು: ಐಎನ್ಎಸ್ ರಾಜಪೂತ್, ಡಿ141, 1:200 ಸ್ಕೇಲ್. ಎರಡನೇ ಮಹಾಯುದ್ಧದ ಬ್ರಿಟಿಷ್ ಆರ್ ಕ್ಲಾಸ್ ಡಿಸ್ಟ್ರಾಯರ್ ಅದು. 1942ರಾಗ ಎಚ್ಎಂಎಸ್ ರಾದರಮ್ ಅಂತ ನೀರಿಗಿಳೀತು, 1949ರಾಗ ನಮ್ಮ ನೌಕಾಪಡೆಗೆ ಬಂತು. 1971ರ ಡಿಸೆಂಬರಿನ್ಯಾಗ ವಿಶಾಖಪಟ್ಟಣದ ಮುಂದ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ಮುಳಗಿದಾಗ ಸುದ್ದಿಯಾಗಿದ್ದ ಹಡಗು ಇದ. ಉದ್ದ 109.2 ಮೀಟರ್, ಅಗಲ 10.9. 200ಕ್ಕ ಭಾಗಿಸಿದ್ರ 546 ಎಂಎಂ, ಅಗಲ 54.5. ಒಂದ ಚಿಮಣಿ. 4.7 ಇಂಚಿನ ನಾಕ ತೋಪು, ಒಂಟೊಂಟಿ. ನಾಕ-ನಾಕ ಕೊಳವಿಯ ಎರಡು ಟಾರ್ಪೆಡೊ ಸೆಟ್. ಇದೆಲ್ಲಾ ಹಾಳ್ಯಾಗ ಬರದ ಕೊಟ್ಟಿದ್ದೆ, ಡ್ರಾಯಿಂಗ್ ಸುದ್ದಾ ಕೊಟ್ಟಿದ್ದೆ. ಹಲ್, ಅಂದ್ರ ಹಡಗಿನ ಮೈ, ಬೆಳಕಿಗೆ ಗಟ್ಟಿಯಾಗೋ ದ್ರವ ಪ್ಲಾಸ್ಟಿಕ್ ರೆಸಿನ್‌ದಾಗ, 182 ಎಂಎಂ‌ದು ಮೂರು ತುಂಡು, ಒಳಗ ಪೊಳ್ಳು, ಗ್ವಾಡಿ 3 ಎಂಎಂ, ಹಸಿ ರೆಸಿನ್ ಬಸದು ಹೋಗಾಕ ತಳಕ್ಕ ತೂತು. ರೇಲಿಂಗು ತೆಳು ತಗಡು ಆ್ಯಸಿಡ್ ಹಾಕಿ ಕೊರದು ಮಾಡೂ ಹಿತ್ತಾಳಿ ಫೋಟೊ-ಎಚ್‌ದು. ಒಟ್ಟು 14,000, ಅಡ್ವಾನ್ಸ್ 9,000.

ಬಣ್ಣ ಹಚ್ಚಿ ಕೊಟ್ಟ. ಬಣ್ಣ ಬ್ಯಾಡ ಅಂದಿದ್ದೆ! ಪ್ರೈಮರ್ ನಾವ ಹೊಡಕೋತೀವಿ ಅಂತ ಎಲ್ಲಾರೂ ಹೇಳೂದ. "ಇರ್ಲಿ ಬಿಡ್ರಿ ಸರ, ಫ್ರೀ ಹಚ್ಚೇವಿ" ಅಂದ. ಪುಗಸಟ್ಟೆ ಯಾಕ ಹಚ್ಚಿದ್ನಂತ ಆಮ್ಯಾಲ ಗೊತ್ತಾತು.

ಉದ್ದ ಅಳದೆ, 546. ಬರೊಬ್ಬರಿ. ಚಿಮಣಿ ಒಂದು, ತೋಪು ನಾಕು, ಬರೊಬ್ಬರಿ. ಬಾಕಿ 5,000 ಹಾಕಾಕ ಫೋನ್ ತಗದಿದ್ದೆ. ನಾಚಿಕಿ ಬಿಟ್ಟು ಹೇಳ್ತೇನಿ, ಉದ್ದ ಒಂದ ಅಳದು ರೊಕ್ಕ ಹಾಕಾಕ ನಿಂತಿದ್ದೆ.

ಚಿಮಣಿ ಹಿಂದ ಡೆಕ್‌ಹೌಸ್ ಮ್ಯಾಲ ಬಣ್ಣ ಜರಾ ಕುಸಿದಂಗ ಕಾಣ್ತು. ಪುಟ್ಟಿ ಒಣಗಿದ ಮ್ಯಾಲ ಕುಗ್ಗತೈತಲ್ಲ, ಹಂಗ. ಉಗರಲೇ ಕೆರದೆ. ಪುಟ್ಟಿ ಎದ್ದು ಬಂತು, ಅದರ ಬುಡಕ ಮೊಟ್ಟಿ ಆಕಾರದ್ದೊಂದು ಗುರುತು. ಎರಡನೇ ಚಿಮಣಿ ಕೂಡೂ ಜಾಗಾ! ಆರ್ ಕ್ಲಾಸಿಗೆ ಎರಡನೇ ಚಿಮಣಿ ಎಲ್ಲಿಂದ ಬರಬೇಕ್ರಿ?

ವರ್ನಿಯರ್ ಹಿಡದು ಅಗಲ ಅಳದೆ. 57.5. ಮತ್ತೊಮ್ಮೆ ಅಳದೆ. 57.5. ಉದ್ದಾನ ಅಗಲದಿಂದ ಭಾಗಿಸಿದ್ರ 9.5. ರಾಜಪೂತಿಗೆ 10 ಬರಬೇಕು. ಅಮೆರಿಕದ ಫ್ಲೆಚರ್ ಕ್ಲಾಸ್ 114.8 ಮೀಟರ್ ಉದ್ದ, 12.1 ಅಗಲ, ಭಾಗಿಸ್ರಿ, 9.5. ನೆಟ್ಟಿನ್ಯಾಗ ಪುಕ್ಕಟ ಸಿಗೂ ಫ್ಲೆಚರ್ ಫೈಲ್ ತಗೊಂಡು, 546ಕ್ಕ ಸಣ್ಣ ಮಾಡಿ, ಪ್ರಿಂಟ್ ಹೊಡದಾನ. 3 ಎಂಎಂ ಅಷ್ಟ ಅಲ್ಲೇನ್ರಿ ಅಂತೀರೇನು, 200 ಪಟ್ಟು ಮಾಡ್ರಿ, ಖರೇ ಹಡಗಿನ್ಯಾಗ 600 ಎಂಎಂ.

ಆಮ್ಯಾಲ ಒಂದೊಂದ ಹೊರಗ ಬಿತ್ತು. ಫ್ಲೆಚರಿಗೆ ಮುಂದಿನಿಂದ ಹಿಂದಿನ ತನಕ ಒಂದ ಡೆಕ್ಕು, ಮೆಟ್ಟಲಾ ಇಲ್ಲ. ಬ್ರಿಟಿಷ್ ಹಡಗಿನ ಮೂತಿ ಒಂದು ಡೆಕ್ಕು ಎತ್ತರ, ಆಮ್ಯಾಲ ಕೆಳಗಿಳೀತೈತಿ. ಈ ಸ್ಕೇಲಿಗೆ ಆ ಮೆಟ್ಟಲಾ ಹೆಚ್ಚುಕಡಿಮಿ 11 ಎಂಎಂ ಬೇಕು. ಇವ 5 ಎಂಎಂ ದಪ್ಪನ ಫೋಮ್ ಶೀಟು ಸನ್‌ಬೋರ್ಡ್ ಅಂಟಿಸ್ಯಾನ. 5 ಅಂದ್ರ 1 ಮೀಟರು. ಆ ಗ್ವಾಡಿಯೊಳಗ ಬಾಗಲಾ ಇಟ್ರ ನಾವಿಕರು ಅಂಬೆಗಾಲ ಹಾಕಿ ಹೋಗಬೇಕು.

ಟಾರ್ಪೆಡೊ ನೋಡಿ ನಗಬೇಕೋ ಅಳಬೇಕೋ ತಿಳೀಲಿಲ್ಲ. ಫ್ಲೆಚರಿನ ಸೆಟ್ಟಿಗೆ ಐದು ಕೊಳವಿ. ಅಂಚಿನ ಒಂದು ಕೊಳವಿ ಕತ್ತರಿಸಿ ನಾಕು ಮಾಡ್ಯಾನ, ಹಿಂಗಾಗಿ ಸೆಟ್ಟು ತಿರಗಣಿ ಮ್ಯಾಲ ಒಂದು ಕಡಿ ವಾಲಿ ಕೂತೈತಿ. ತೋಪು ಐದಿದ್ದು ನಡುವಿಂದ ಒಂದು ತಗದು ನಾಕು ಮಾಡ್ಯಾನ. ಆದ್ರ ಆರ್ ಕ್ಲಾಸಿನ ತೋಪಿಗೆ ಹಿಂದ ತೆರದ ಕವಚ, ಒಳಗಿನ ಬ್ರೀಚ್, ಅಂದ್ರ ಗುಂಡು ತುಂಬೋ ಹಿಂಬದಿ, ಕಾಣಬೇಕು. ಇವು ನಾಕೂ ಕಡಿ ಮುಚ್ಚಿದ ಡಬ್ಬಿ.

ರೆಸಿನ್? ಎಲ್ಲೀ ರೆಸಿನ್. ಬಣ್ಣ ಕೆರದ್ರ ಕರಗಿಸಿ ಪದರ ಪದರ ಹಾಕೂ ಪ್ಲಾಸ್ಟಿಕ್ ಪಿಎಲ್‌ಎ ದಾರದ ಗೆರಿ, ಪದರ 0.2 ಎಂಎಂ. ಖರೇ ಹಡಗಿನ ಮೈ ಮ್ಯಾಲ 40 ಎಂಎಂ ಮೆಟ್ಟಲಾ ಇದ್ದಂಗ. ಪಿಎಲ್‌ಎ 60 ಡಿಗ್ರಿ ಹತ್ರ ಮೆತ್ತಗಾಗತೈತಿ, ಏಪ್ರಿಲ್ ಬಿಸಲಾಗ ಮುಚ್ಚಿದ ಕಾರಿನ್ಯಾಗ ಇಟ್ರ ಬಾಳಿಹಣ್ಣಾಗಿ ಹೊರಗ ಬರತೈತಿ. ಹಿತ್ತಾಳಿ ರೇಲಿಂಗ್ ಬದ್ಲಿ ಪ್ರಿಂಟ್ ಮಾಡಿದ್ದು, 0.8 ಎಂಎಂ ದಪ್ಪ. 200 ಪಟ್ಟು ಅಂದ್ರ 160 ಎಂಎಂ. ಡೆಕ್ಕಿನ ಸುತ್ತ ಒಳಚರಂಡಿ ಪೈಪ್ ಹಾಕ್ಯಾನ.

ಫೋನ್ ಹಚ್ಚಿದೆ. ಅವನ ಉತ್ತರ ಕೇಳ್ರಿ.

"ಸರ, ಎಲ್ಲಾ ಡಿಸ್ಟ್ರಾಯರ್ ಒಂದ ಥರಾನ ಇರ್ತಾವ್ರಿ."

ಚಿಮಣಿ ಗುರುತು ಕೇಳಿದೆ. "ಅದು ಪ್ರಿಂಟಿನ್ಯಾಗ ಬಂದ ಕಲೆ ರೀ." ಕಲೆ ಅಂತ! ಮೊಟ್ಟಿ ಆಕಾರದಾಗ, ನಟ್ಟ ನಡುವ!

ಅಗಲ ಕೇಳಿದೆ. "ಶೋಕೇಸಿನ್ಯಾಗ ಇಟ್ಟ ಮ್ಯಾಲ ಯಾರ ವರ್ನಿಯರ್ ಹಿಡದು ಬರ್ತಾರ್ರಿ ಸರ?"

ಕಡೀಕ, "ನೀವ ಫೋಟೊ ನೋಡಿ ಓಕೆ ಅಂದೀರಲ್ರಿ." ಖರೇ, ಅಂದೇನಿ. ಅವ ಕಳಿಸಿದ್ದೆಲ್ಲಾ ಬಾಜೂದಿಂದ ತಗದ ಚಿತ್ರ. ಬಾಜೂದಿಂದ ನೋಡಿದ್ರ ಅಗಲ ಕಾಣಂಗಿಲ್ಲ, ವಾಲಿದ ಟಾರ್ಪೆಡೊ ಕಾಣಂಗಿಲ್ಲ, ತೋಪಿನ ಬೆನ್ನ ಕಾಣಂಗಿಲ್ಲ. ಇಷ್ಟ ತಿಳಿಯೋ ನನಗ ಮ್ಯಾಲಿಂದ ಒಂದು ಫೋಟೊ ಕಳಸಪಾ ಅನ್ನೂದು ಹೊಳೀಲಿಲ್ಲ. ಅಡ್ವಾನ್ಸ್ ವಾಪಸ್ ಕೇಳಿದ್ರ, "ಬಾಕಿ 5,000 ಹಾಕ್ರಿ, ಆಮ್ಯಾಲ ಕುಂತ ಮಾತಾಡೂಣು" ಅಂದ.

ನೀವು ಮಾಡಸೂದಿದ್ರ ಬರೇ ಹಲ್ ತುಂಡು ಮೊದಲ ಇಸಗೋರಿ. ಬಣ್ಣ, ಪುಟ್ಟಿ ಏನೂ ಇರಬಾರ್ದು. ಫ್ರೀ ಅಂದ್ರೂ ಬ್ಯಾಡ್ರಿ, ಫ್ರೀ ಅಂದ್ರಂತೂ ಬ್ಯಾಡಾ ಬ್ಯಾಡ್ರಿ. ಎದುರಿಗೇ ಅಗಲ ಅಳೀರಿ, ಉದ್ದಾನ ಅಗಲದಿಂದ ಭಾಗಿಸ್ರಿ. ಮೂರೂ ತುಂಡು ಕಾಜಿನ ಮ್ಯಾಲ ಜೋಡಿಸಿಟ್ಟು ಬುಡಕ ಬೆಳಕು ಕಾಣತೈತೇನು ನೋಡ್ರಿ, ಕಂಡ್ರ ತಳ ಬಾಗೇತಿ. ಆಮ್ಯಾಲ ಮುಂದಿನ ಕಂತು. 9,000 ಒಮ್ಮೆಲೆ ಕೊಟ್ಟು ಕುಂದರಬ್ಯಾಡ್ರಿ, ನಾ ಕುಂತೇನಿ.

ನಿನ್ನೆ ಅವನ ಸ್ಟೇಟಸ್ಸಿನ್ಯಾಗ ಅದ ಹಡಗು ಬಂದೈತಿ. "ಐಎನ್ಎಸ್ ರಣಜಿತ್, 1:200, ಆರ್ಡರ್ ತಗೋತೀವಿ" ಅಂತ ಬರದಾನ. ಫೋಟೊ ಬಾಜೂದಿಂದ ತಗದದ್ದು.